ಸೊಕ್ಕು ಏಳೂವರೆ ಎಚ್‌ಪಿ

ನಮ್ಮ ಮಾವನ ಹೆಸರು ಬರೆಯಲು ನನಗೆ ಅನುಮತಿ ಇಲ್ಲ. "ಊರಾದರೂ ಬರೆಯಲೇ ಮಾವ?" ಎಂದು ಕೇಳಿದೆ. "ತಾಲ್ಲೂಕು ಬೇಕಾದ್ರೆ ಹಾಕ್ಕೊ" ಎಂದರು. ಬಾಗಿಲವರೆಗೆ ಹೋದವರು ತಿರುಗಿ ಬಂದು, "ಬ್ಯಾಡ, ಜಿಲ್ಲೆ ಸಾಕು" ಎಂದರು.

ಆದರೆ ಅಜ್ಜಂಪುರದಲ್ಲಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ ಇಟ್ಟುಕೊಂಡು, ಮೊಬೈಲಿನ ಹಿಂದಿನ ಕ್ಯಾಮೆರಾಕ್ಕೂ ಮುಂದಿನ ಕ್ಯಾಮೆರಾಕ್ಕೂ ಗಾಯಕ್ಕೆ ಹಾಕುವ ಪ್ಲಾಸ್ಟರ್ ಅಂಟಿಸಿಕೊಂಡು ಓಡಾಡುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು. ಹೆಸರು ಮುಚ್ಚಿಟ್ಟು ಪ್ರಯೋಜನವೇನು? ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಜಾಲಾಡಿದರೂ ಇವರಷ್ಟು ಗುಟ್ಟಿನ ಮನುಷ್ಯ ಸಿಗುವುದಿಲ್ಲ. ಈ ಮೂರೂ ತಾಲ್ಲೂಕಿನ ಜನರ ಮಾನವನ್ನು ಒಂದೇ ಬೆರಳಿನಲ್ಲಿ ಬೀದಿಗೆ ತಂದವರೂ ಇನ್ನೊಬ್ಬರು ಸಿಗುವುದಿಲ್ಲ. ಆ ಇಬ್ಬರೂ ಇವರೇ!

ನಾನು ಕಡೂರಿನಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ಕ್ಲಾಸು ನಡೆಸುವವಳು. ಒಂದು ಅಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಹೊಡೆಸುತ್ತೇನೆಂದು ಮಕ್ಕಳು ಬೈದುಕೊಳ್ಳುತ್ತಾರೆ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡದ್ದೆಂದು, ಕೇಳಿದ್ದನ್ನು ಕೇಳಿದ್ದೆಂದು. ಆದ ಆಘಾತ ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮಾವ ನನ್ನ ತಾಯಿಯ ತಮ್ಮ. ಅವರ ವಯಸ್ಸೆಷ್ಟು ಎಂದು ನನ್ನ ತಾಯಿಗೇ ಸರಿಯಾಗಿ ಗೊತ್ತಿಲ್ಲ ಎಂದರೆ ನೀವು ನಂಬುತ್ತೀರಾ? "ನನಗಿಂತ ಚಿಕ್ಕೋನು, ಅಷ್ಟು ಮಾತ್ರ ನಾನು ಹೇಳಬಲ್ಲೆ" ಎನ್ನುತ್ತಾರೆ ಅಮ್ಮ. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ?" ಎಂದರೆ ಮಾವ ಬಾಯಿ ಬಿಡುವುದಿಲ್ಲ. ಟಿಕೆಟ್ಟಿಗೆ ಸರಿಯಾಗುವಷ್ಟು ಚಿಲ್ಲರೆಯನ್ನು ಅಂಗೈಯಲ್ಲಿಟ್ಟು ತೋರಿಸುತ್ತಾರೆ. ದುಡ್ಡು ನೋಡಿ ಕಂಡಕ್ಟರೇ ಊರು ತಿಳಿದುಕೊಳ್ಳಬೇಕು! ಪಕ್ಕದಲ್ಲಿ ಕುಳಿತವರು ಸುಮ್ಮನಿರಲಾರದೆ, "ಯಾವ ಕಡೆ ಪಯಣ ಯಜಮಾನ್ರದು?" ಎಂದರೆ, "ಇದೇ ಕಡೆ" ಎಂದು ಬಸ್ಸು ಹೋಗುತ್ತಿರುವ ದಿಕ್ಕಿಗೆ ಕೈ ತೋರಿಸುತ್ತಾರೆ. "ಮಕ್ಕಳೆಷ್ಟು?" ಎಂದರೆ, "ಇದಾರೆ." "ಏನ್ ಕೆಲಸ?" ಎಂದರೆ, "ನಡೀತೈತೆ."

"ಮದ್ವೆ ಆದ ಹೊಸದ್ರಲ್ಲಿ ನಾನು ಇವರ ಹೆಸರು ತಿಳ್ಕೊಂಡಿದ್ದು ಲಗ್ನಪತ್ರಿಕೆ ಓದಿ ಕಣೇ" ಎನ್ನುತ್ತಾರೆ ನಮ್ಮ ಅತ್ತೆ. "ಅದರಲ್ಲೂ ಚಿರಂಜೀವಿ ಅಂತ ಮಾತ್ರ ಹಾಕ್ಸಿ ಬಿಡೋಣ ಅಂದಿದ್ರಂತೆ."

ಇಂಥವರ ಕೈಗೆ ಸ್ಮಾರ್ಟ್ ಫೋನ್ ಬಂತು. ಬಂದ ದಿನವೇ ಕ್ಯಾಮೆರಾಕ್ಕೆ ಪ್ಲಾಸ್ಟರ್ ಬಿತ್ತು. "ಅಲ್ಲಿ ಕೂತ್ಕೊಂಡು ಯಾವನೋ ನನ್ನ ನೋಡ್ತಿರ್ತಾನೆ" ಎಂದು ಮಾವ. "ನಿಮ್ಮನ್ನ ನೋಡೋಕೆ ಅವನಿಗೇನ್ ಬಂದಿರೋದು, ನಾನೇ ನೋಡಿ ಸಾಕಾಗೈತೆ" ಎಂದು ಅತ್ತೆ. ನಮ್ಮ ಚಿಕ್ಕಮ್ಮನ ಮಗಳ ಮದುವೆಯಲ್ಲಿ ಎಲ್ಲರೂ ಫೋಟೊ ತೆಗೆಯುವಾಗ ಮಾವನೂ ತೆಗೆದರು. ಪ್ಲಾಸ್ಟರ್ ತೆಗೆಯದೆಯೇ ತೆಗೆದರು! ಎಲ್ಲ ಫೋಟೊಗಳೂ ಒಂದೇ ಬಣ್ಣ. ಆದರೂ ಅವರಿಗೆ ಒಂದೊಂದರ ಗುರುತೂ ಸಿಗುತ್ತದೆ. "ಇದು ಧಾರೆ. ಇದು ಊಟದ ಪಂಕ್ತಿ. ಇದು ನೀನು, ಕಣ್ಣು ಮುಚ್ಚಿಬಿಟ್ಟಿದೀಯ ನೋಡು" ಎಂದು ನನಗೇ ತೋರಿಸಿದ್ದಾರೆ.

ಫೋನಿಗೆ ಕಿವಿಯೂ ಇದೆ ಎಂದು ಅವರಿಗೆ ಗೊತ್ತಾದದ್ದು ಮೊಣಕಾಲಿನಿಂದ. ಒಂದು ದಿನ ಅತ್ತೆಯ ಹತ್ತಿರ "ಮೊಣಕಾಲು ಹಿಡ್ಕೊಂಡೈತೆ" ಎಂದರಂತೆ. ಸಂಜೆ ಫೋನ್ ತೆರೆದರೆ ಮೊಣಕಾಲು ನೋವಿನ ಎಣ್ಣೆಯ ಜಾಹೀರಾತು! ಫೋನು ಕದ್ದು ಕೇಳಿತೋ, ಇವರೇ ಏನನ್ನೋ ಒತ್ತಿದ್ದರೋ ನಾನು ಹೇಳಲಾರೆ. ಮಾವನಿಗೆ ಮಾತ್ರ ಅನುಮಾನವೇ ಉಳಿಯಲಿಲ್ಲ. ಅವತ್ತಿನಿಂದ ಮನೆಯ ಮಾತು ಆಡುವಾಗ ಫೋನು ಅಕ್ಕಿ ಡಬ್ಬಿಯೊಳಗೆ ಹೋಗಿ ಕೂತಿತು. ಅಷ್ಟೇ ಅಲ್ಲ, ದಾರಿ ತಪ್ಪಿಸಲು ದಿನಾ ಬೆಳಿಗ್ಗೆ ಫೋನನ್ನು ಬಾಯಿಯ ಹತ್ತಿರ ಹಿಡಿದು, "ನನ್ ಮೊಣಕಾಲು ಭಾಳ ಚೆನ್ನಾಗೈತೆ! ಎಷ್ಟು ದೂರ ಬೇಕಾದ್ರೂ ಓಡ್ತೀನಿ!" ಎಂದು ಕೂಗತೊಡಗಿದರು. ವಾರದೊಳಗೆ ಓಟದ ಬೂಟಿನ ಜಾಹೀರಾತು ಬಂತು. ಮಾವ ಗೆದ್ದ ಮುಖದಲ್ಲಿ ನನಗೆ ಅದನ್ನು ತೋರಿಸಿ, "ನಂಬಿಬಿಟ್ಟ ನೋಡು!" ಎಂದರು.

ಹುಟ್ಟಿದ ದಿನ ಕೇಳಿದ ಆಪ್‌ಗಳಿಗೆಲ್ಲ ಒಂದೊಂದಕ್ಕೆ ಒಂದೊಂದು ತಾರೀಕು ಕೊಟ್ಟರು. ಪರಿಣಾಮವಾಗಿ ನಮ್ಮ ಮಾವ ಸಂಕ್ರಾಂತಿಗೆ ಹುಟ್ಟಿ, ಯುಗಾದಿಗೆ ಹುಟ್ಟಿ, ಗೌರಿ ಹಬ್ಬದ ಹೊತ್ತಿಗೆ ಮತ್ತೆ ಹುಟ್ಟುತ್ತಾರೆ. ಫೋನಿನೊಳಗಿಂದ ಬಲೂನು ಹಾರುತ್ತದೆ. ಅತ್ತೆ ಅದನ್ನು ನೋಡಿ, "ಪಾಯಸ ಮಾಡ್ಲಾ, ಇಲ್ಲ ಇದೂ ಸುಳ್ಳಾ?" ಎನ್ನುತ್ತಾರೆ.

ಇಲ್ಲಿಯವರೆಗೆ ಎಲ್ಲರೂ ನಗುತ್ತಿದ್ದೆವು.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಡೂರು ಬಸ್ ಸ್ಟಾಂಡಿನಲ್ಲಿ ನಿಂತು "ಮಂಜಣ್ಣಾ" ಎಂದು ಕೂಗಿ ನೋಡಿ. ಅರ್ಧ ಜನ ತಿರುಗಿ ನೋಡುತ್ತಾರೆ. "ರುದ್ರಪ್ಪಾ" ಎಂದರೆ ಉಳಿದರ್ಧ. ಹಾಗಾಗಿ ಇಲ್ಲಿ ಬರೀ ಹೆಸರಿನಿಂದ ಯಾರನ್ನೂ ಗುರುತು ಹಿಡಿಯುವುದಿಲ್ಲ. ಹೆಸರಿನ ಹಿಂದೆ ಮುಂದೆ ಅವರ ಊರು, ಮೂಗು, ನಡಿಗೆ, ಬುದ್ಧಿ ಏನಾದರೊಂದು ಸೇರಲೇಬೇಕು. ಅದು ಬೆನ್ನ ಹಿಂದಿನ ಹೆಸರು. ಎದುರಿಗೆ ಯಾರೂ ಹೇಳುವುದಿಲ್ಲ. ಪ್ರತಿಯೊಬ್ಬರಿಗೂ ತನಗೊಂದು ಅಂಥ ಹೆಸರು ಇದೆ ಎಂದು ಗೊತ್ತು. ಏನೆಂದು ಮಾತ್ರ ಗೊತ್ತಿರುವುದಿಲ್ಲ. ಇದರಿಂದಲೇ ಈ ಸೀಮೆಯಲ್ಲಿ ಶಾಂತಿ ನೆಲೆಸಿದೆ.

ಮಾವನಿಗೆ ಸಖರಾಯಪಟ್ಟಣದಿಂದ ಹಿಡಿದು ತರೀಕೆರೆಯ ಆಚೆಯವರೆಗೂ ಗಿರಾಕಿಗಳು. ಬೋರ್‌ವೆಲ್ ಮೋಟಾರು ಸುಟ್ಟ ಕೂಡಲೇ ಎಲ್ಲ ಇವರಿಗೇ ಫೋನ್ ಮಾಡುವುದು. ಅವರನ್ನೆಲ್ಲ ಫೋನಿನಲ್ಲಿ ಇವರು ಬೆನ್ನ ಹಿಂದಿನ ಹೆಸರಿನಲ್ಲೇ ಸೇವ್ ಮಾಡಿಕೊಂಡಿದ್ದರು. ಒಂದೇ ಬೆರಳಿನಲ್ಲಿ, ಕೂತು, ಸಮಾಧಾನವಾಗಿ. ಕೊನೆಗೆ ಆ ಗಿರಾಕಿಯ ತೋಟದ ಮೋಟಾರು ಎಷ್ಟು ಎಚ್‌ಪಿ ಎಂಬುದನ್ನೂ ಸೇರಿಸುತ್ತಿದ್ದರು. ಫೋನ್ ಬಂದ ಕೂಡಲೇ ಎಷ್ಟು ತಂತಿ ಬೇಕೆಂದು ಗೊತ್ತಾಗಬೇಕಲ್ಲ! ಆಮೇಲೆ ಎಲ್ಲರ ಫೋನಿನಲ್ಲಿ ನಾನೇ ನೋಡಿದ ಕೆಲವನ್ನು ಇಲ್ಲಿ ಕೊಡುತ್ತೇನೆ.

"ಮಂಜಣ್ಣ ಸಖರಾಯಪಟ್ಟಣ ಬರೀ ಸುಳ್ಳು ಐದು ಎಚ್‌ಪಿ."

"ಶಿವಣ್ಣ ಬೀರೂರು ಶುರುವಾದ್ರೆ ನಿಲ್ಲಲ್ಲ ಮೂರು ಎಚ್‌ಪಿ."

"ಬೀಗರು ಎತ್ತಬೇಡ ಐದು ಎಚ್‌ಪಿ."

"ರುದ್ರಪ್ಪ ದೇವನೂರು ಸೊಕ್ಕು ಏಳೂವರೆ ಎಚ್‌ಪಿ."

ಇವು ಮಾವನ ಜೇಬಿನಲ್ಲಿ ಇರುವವರೆಗೆ ಯಾರಿಗೇನು ನಷ್ಟ? ಆದರೆ ಅವು ಬಹಳ ದಿನ ಅಲ್ಲಿ ಇರಲಿಲ್ಲ. ಅಷ್ಟರಲ್ಲಿ ಬ್ಯಾಂಕಿನವರೆಂದು ಹೇಳಿಕೊಂಡು ಮೋಸ ಮಾಡುವವರ ಕರೆಗಳು ಬರತೊಡಗಿದವು. ಫೋನ್ ಮಾಡಿದವರು ಯಾರೆಂದು ಮೊದಲೇ ತೋರಿಸುವ ಆಪ್ ಒಂದಿದೆಯೆಂದು ಅಂಗಡಿಗೆ ಬಂದವರು ಯಾರೋ ಹೇಳಿದರು. ಎದುರಿನವರ ಹೆಸರು ನಮಗೆ ಗೊತ್ತಾಗುತ್ತದೆ, ನಾವು ಬಾಯಿ ಬಿಡಬೇಕಾಗಿಲ್ಲ! ನಮ್ಮ ಮಾವನಿಗೆಂದೇ ಯಾರೋ ತಪಸ್ಸು ಮಾಡಿ ತಯಾರಿಸಿದಂತಿತ್ತು.

ಆಪ್ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಅತ್ತೆ ಹೇಳಿದ್ದು. ಮಾವ ಬಾಗಿಲು ಹಾಕಿಕೊಂಡು ಕುಳಿತರಂತೆ. ಆಪ್ ಒಂದೊಂದಾಗಿ ಕೇಳತೊಡಗಿತು. ನೀವಿರುವ ಜಾಗ ತಿಳಿಯಬಹುದೇ? ಆಗಲ್ಲ. ಕ್ಯಾಮೆರಾ ಬಳಸಬಹುದೇ? ಆಗಲ್ಲ. ಮೈಕ್? ಆಗಲ್ಲ. ಒಂದೊಂದು ಸಲ "ಆಗಲ್ಲ" ಒತ್ತುವಾಗಲೂ ಗಂಟಲಿನಿಂದ ಒಂದು ಹೂಂಕಾರ. ಕೊನೆಗೆ ಅದು, ನಿಮ್ಮ ಫೋನಿನಲ್ಲಿರುವ ಎಲ್ಲರ ಹೆಸರು ಮತ್ತು ನಂಬರುಗಳನ್ನು ನೋಡಬಹುದೇ ಎಂದು ಕೇಳಿತು.

ಮಾವ ಸ್ವಲ್ಪ ಯೋಚಿಸಿ "ಆಗಲಿ" ಎಂದು ಒತ್ತಿದರು!

ಯಾಕೆಂದು ನಾನು ಆಮೇಲೆ ಕೇಳಿದೆ. ಅವರ ಉತ್ತರವನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ನನ್ದೇನೂ ಕೇಳ್ಲಿಲ್ವಲ್ಲೇ. ಬೇರೇರ್ದು ತಾನೇ ಕೇಳಿದ್ದು?"

ಆಪ್ ಹೇಗೆ ಕೆಲಸ ಮಾಡುತ್ತದೆ ಎಂದು ಮಾವನಿಗೆ ತಿಳಿದಿರಲಿಲ್ಲ. ಒಬ್ಬೊಬ್ಬರ ಫೋನಿನಲ್ಲಿರುವ ಹೆಸರುಗಳನ್ನೂ ತೆಗೆದುಕೊಂಡು, ಅದನ್ನೇ ಉಳಿದವರಿಗೆಲ್ಲ ತೋರಿಸುವುದು ಅದರ ಕಸುಬು. ನಮ್ಮ ಕಡೆ ಬಹಳ ಜನರ ಫೋನಿನಲ್ಲಿ ಆ ಆಪ್ ಆಗಲೇ ಇತ್ತು. ಹೀಗಾಗಿ ಸಖರಾಯಪಟ್ಟಣದ ಮಂಜಣ್ಣ ತನ್ನ ಅಳಿಯನಿಗೆ ಫೋನ್ ಮಾಡಿದಾಗ, ಅಳಿಯನ ಹೊಸ ಫೋನು ಎಲ್ಲರ ಎದುರಿಗೆ ಬೆಳಗಿ ತೋರಿಸಿತು: ಬರೀ ಸುಳ್ಳು, ಐದು ಎಚ್‌ಪಿ!

ಮೊದಲಿಗೆ ಯಾರು ಬರೆದದ್ದೆಂದು ಗೊತ್ತಾಗಲಿಲ್ಲ. ಆದರೆ ಮನುಷ್ಯರನ್ನು ಎಚ್‌ಪಿಯಲ್ಲಿ ಅಳೆಯುವವರು ಎಷ್ಟು ಜನ ಇದ್ದಾರೆ? ಎಲ್ಲರೂ ನೆಟ್ಟಗೆ ಅಜ್ಜಂಪುರದ ಬಸ್ಸು ಹತ್ತಿದರು.

ದೇವನೂರಿನ ರುದ್ರಪ್ಪ ಬಂದ ದಿನ ನಾನು ಅಂಗಡಿಯಲ್ಲೇ ಇದ್ದೆ. ಆಳು ದೊಡ್ಡವರು, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲೆಯಾಯಿತು.

"ಏನಯ್ಯಾ ಮೇಸ್ತ್ರಿ, ನನ್ ಸೊಕ್ಕು ಅಳೆಯೋಕೆ ನೀನ್ಯಾವನಯ್ಯಾ?"

"ಅದು ಸೊಕ್ಕಲ್ಲ ರುದ್ರಪ್ಪ, ಮೋಟಾರು" ಎಂದರು ಮಾವ, ಬೆವರೊರೆಸಿಕೊಂಡು.

"ಮತ್ತೆ ಸೊಕ್ಕು ಅಂತ ಬರ್ದಿರೋದು?"

"ಅದು ಸೊಕ್ಕು."

ನಾನು ಕಣ್ಣು ಮುಚ್ಚಿಕೊಂಡೆ. ಏಟು ಬಿತ್ತು ಎಂದುಕೊಂಡೆ. ಬೀಳಲಿಲ್ಲ. ರುದ್ರಪ್ಪ ದನಿ ತಗ್ಗಿಸಿ, "ನಮ್ ಪಕ್ಕದ ತೋಟದೋನಿಗೆ ಎಷ್ಟು ಹಾಕಿದೀಯ?" ಎಂದರು.

"ಐದು."

"ಹಂಗಾದ್ರೆ ಪರವಾಗಿಲ್ಲ" ಎಂದು ಕುಳಿತು, ಟೀ ತರಿಸಲು ಹೇಳಿದರು.

ಬೀರೂರಿನ ಶಿವಣ್ಣ, ತನ್ನನ್ನು ಮಾತು ನಿಲ್ಲಿಸದವನೆಂದು ಬರೆದಿರುವುದು ಎಂಥ ಅನ್ಯಾಯ ಎಂಬುದನ್ನು ಬೆಳಿಗ್ಗೆ ವಿವರಿಸಲು ಶುರು ಮಾಡಿ ಮಧ್ಯಾಹ್ನದ ಊಟದ ನಂತರವೂ ಮುಂದುವರಿಸಿದರು. ಬೀಗರು ಮಾತ್ರ ಜಗಳವಾಡಲಿಲ್ಲ. ಸೂಟ್‌ಕೇಸ್ ಸಮೇತ ಗಂಡ ಹೆಂಡತಿ ಬಂದಿಳಿದು, ನಗುನಗುತ್ತಾ, "ಫೋನ್ ಮಾಡಿದ್ರೆ ನೀವು ಎತ್ತಲ್ಲ ಅಂತ ಗೊತ್ತಾಯ್ತು. ಅದಕ್ಕೆ ನಾವೇ ಬಂದ್ಬಿಟ್ವಿ" ಎಂದರು. ಮುಂದಿನ ಹಬ್ಬ ಮುಗಿಯುವವರೆಗೂ ಇದ್ದರು!

ಹೀಗೆ ದಿನಕ್ಕೊಂದು ಆಘಾತ. ನಮ್ಮ ಅತ್ತೆ ಬಂದವರಿಗೆಲ್ಲ ಟೀ ಮಾಡಿ ಮಾಡಿ, "ಇನ್ನು ಯಾರ್ಯಾರಿಗೆ ಏನೇನ್ ಬರ್ದಿದೀರ ಹೇಳಿಬಿಡಿ, ಹಾಲು ಎಷ್ಟು ತರಿಸ್ಬೇಕು ಗೊತ್ತಾಗ್ಲಿ" ಎಂದರು.

ಆದರೆ ನಿಜವಾದ ಆಘಾತ ಆಗಿದ್ದು ನನಗೆ, ಕಡೂರಿನಲ್ಲಿ, ಕ್ಲಾಸು ನಡೆಯುತ್ತಿರುವಾಗ.

ಮಾವನಿಗೆ ಒಬ್ಬರೇ ಸ್ನೇಹಿತರು. ತರೀಕೆರೆಯ ಬಾಷಾ ಸಾಬ್ರು. ಇಬ್ಬರೂ ಹುಡುಗರಾಗಿದ್ದಾಗ ಕಡೂರಿನ ಒಂದೇ ಅಂಗಡಿಯಲ್ಲಿ ವೈಂಡಿಂಗ್ ಕಲಿತವರು. ಮಾವ ಅಜ್ಜಂಪುರದಲ್ಲಿ ಅಂಗಡಿ ಹಾಕಿದರು. ಬಾಷಾ ಸಾಬ್ರು ತರೀಕೆರೆಯಲ್ಲಿ ಮೋಟಾರಿಗೆ ಸುತ್ತುವ ತಾಮ್ರದ ತಂತಿ, ವಾರ್ನಿಷ್ ಮಾರುವ ವ್ಯಾಪಾರಕ್ಕೆ ಕುಳಿತರು. ಸುತ್ತಲಿನ ವೈಂಡಿಂಗ್ ಅಂಗಡಿಗಳಿಗೆಲ್ಲ ಅವರದೇ ತಂತಿ. ಆರ್ಡರೆಲ್ಲ ಫೋನಿನಲ್ಲೇ. ಈ ಇಬ್ಬರು ವಾರಕ್ಕೊಮ್ಮೆ ತರೀಕೆರೆಯಲ್ಲಿ ಸೇರುತ್ತಾರೆ. ಏನು ಮಾತಾಡುತ್ತಾರೆ ಎಂದು ಯಾರಿಗೂ ಗೊತ್ತಿಲ್ಲ.

ಅವತ್ತು ಕ್ಲಾಸಿನ ಫೋನು ರಿಂಗಾಯಿತು. ಅದರಲ್ಲಿ ನಾನು ಯಾರ ಹೆಸರನ್ನೂ ಸೇವ್ ಮಾಡಿಲ್ಲ, ಆದರೆ ಆ ಆಪ್ ಇತ್ತು. ಪರದೆಯ ಮೇಲೆ ಹೀಗೆ ಮೂಡಿತು:

"ಬಾಷಾ ತಂತಿ ತರೀಕೆರೆ ಕಿವಿ ಕೇಳಲ್ಲ ಎರಡು ಸಲ ಹೇಳು ಅವನಿಗೆ ಗೊತ್ತಾಗಬಾರದು."

ಎಚ್‌ಪಿ ಇರಲಿಲ್ಲ. ಇದೊಂದಕ್ಕೆ ಮಾತ್ರ ಇರಲಿಲ್ಲ.

ಎರಡು ಸಲ ಓದಿದೆ. ಎತ್ತಿದೆ. "ಬೇಟಿ, ಮೊಮ್ಮಗಳನ್ನ ಕಂಪ್ಯೂಟರ್ ಕ್ಲಾಸಿಗೆ ಸೇರಿಸ್ಬೇಕಿತ್ತು" ಎಂದರು. "ಯಾವ ಕ್ಲಾಸು ಓದ್ತಿದಾಳೆ ಸಾಬ್ರೇ?" ಎಂದೆ. "ಆಗ್ಲಿ ಬೇಟಿ, ಆಗ್ಲಿ" ಎಂದರು. ಮತ್ತೊಮ್ಮೆ ಕೇಳಿದೆ. ಸ್ವಲ್ಪ ತಡೆದು, ಬಹಳ ಜಾಗರೂಕವಾಗಿ, "ಹೂಂ ಹೂಂ. ನೀನು ಹೇಳ್ದಂಗೇ" ಎಂದರು. ಫೋನಿಟ್ಟೆ. ಇಷ್ಟು ವರ್ಷ ಅವರೊಡನೆ ಮಾತಾಡಿದ್ದೇನೆ, ನನಗೆ ತಿಳಿದಿರಲಿಲ್ಲ. ಅವರು ಅಷ್ಟು ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದರು. ಮಾವ ಅದಕ್ಕಿಂತ ಚೆನ್ನಾಗಿ ಮುಚ್ಚಿಟ್ಟುಕೊಂಡಿದ್ದರು.

ಮುಂದಿನದು ನಾನು ಕೇಳಿ ತಿಳಿದದ್ದು. ಕಿವಿ ಮಂದವಾಗುತ್ತಿದ್ದುದನ್ನು ಬಾಷಾ ಸಾಬ್ರು ಮಕ್ಕಳಿಗೂ ಹೇಳಿರಲಿಲ್ಲ. ಹೇಳಿದರೆ ಅಂಗಡಿ ಬಿಡಿಸಿ ಮನೆಯಲ್ಲಿ ಕೂರಿಸುತ್ತಾರೆ ಎಂಬ ಭಯ. ಈಗ ಅವರು ಯಾವ ಗಿರಾಕಿಗೆ ಫೋನ್ ಮಾಡಿದರೂ ಆ ಸಾಲು ಹೊಳೆಯುತ್ತಿತ್ತು. ಕೆಲವರು ಎತ್ತಿದ ಕೂಡಲೇ ಕಿರುಚತೊಡಗಿದರು. ಕೆಲವು ಪಡ್ಡೆಗಳು ತಮಾಷೆಗೆಂದೇ ಫೋನ್ ಮಾಡಿ, ದನಿ ಹೊರಡಿಸದೆ ಬರೀ ತುಟಿ ಅಲ್ಲಾಡಿಸಿ ಇಟ್ಟರು. ಉಳಿದವರು ಆರ್ಡರನ್ನು ಮಗನಿಗೆ ಕೊಡತೊಡಗಿದರು. ಒಂದು ದಿನ ದೊಡ್ಡ ಮಗ ಬಂದು, ತಂದೆಯ ಕೈಯಿಂದ ಅಂಗಡಿಯ ಫೋನನ್ನು ಮೆಲ್ಲಗೆ ತೆಗೆದುಕೊಂಡು, "ಸಾಕು ಅಬ್ಬಾ, ಮನೇಲಿರಿ" ಎಂದನಂತೆ.

ಬಾಷಾ ಸಾಬ್ರು ಎದ್ದು ಹೊರಟುಹೋದರು. ಅವತ್ತಿನಿಂದ ಮಾವನ ಫೋನನ್ನೂ ಎತ್ತಲಿಲ್ಲ.

ಮೂರು ತಾಲ್ಲೂಕಿನ ಬೈಗುಳ ತಿಂದರೂ ಅಲುಗಾಡದ ಮಾವ ಇದೊಂದಕ್ಕೆ ಕುಸಿದುಹೋದರು. ನಾನು ಅಜ್ಜಂಪುರಕ್ಕೆ ಹೋದಾಗ ಅಂಗಡಿ ಮುಚ್ಚಿತ್ತು. ನಡುಮನೆಯಲ್ಲಿ ಕೂತಿದ್ದರು. ಫೋನು ಅಕ್ಕಿ ಡಬ್ಬಿಯಲ್ಲಿರಲಿಲ್ಲ, ಎದುರಿಗೇ ಬಿದ್ದಿತ್ತು.

"ಆಪ್ ಕಿತ್ತಾಕ್ದೆ ಕಣೇ. ಬಾಷಾನ ಹೆಸರನ್ನೂ ಅಳಿಸ್ಬಿಟ್ಟೆ. ಇನ್ನು ಹೋಗಿರುತ್ತಲ್ಲ?"

ನಾನು ಕ್ಲಾಸಿನ ಫೋನಿನಲ್ಲಿ ಆ ನಂಬರು ಹಾಕಿ ಹುಡುಕಿ ತೋರಿಸಿದೆ. ಹೋಗಿರಲಿಲ್ಲ. ಒಂದಕ್ಷರವೂ ಅಲುಗದೆ ಹಾಗೇ ಇತ್ತು.

"ನಿಮ್ಮ ಫೋನಲ್ಲಿ ಅಳಿಸಿದ್ರೆ ನಿಮ್ಮಲ್ಲಿ ಮಾತ್ರ ಹೋಗುತ್ತೆ ಮಾವ. ಅವರು ಆಗಲೇ ತಗೊಂಡಾಗಿದೆ."

"ನಂದು, ನಾನು ಅಳಿಸಿದ್ರೆ ಹೋಗಲ್ಲ ಅಂದ್ರೆ ಏನರ್ಥ?" ಎಂದು ಕೂಗಿದರು.

ಇಬ್ಬರೂ ಕೂತು ಆ ಆಪ್‌ನ ಪ್ರೈವಸಿ ಪಾಲಿಸಿ ಎಂಬುದನ್ನು ಮೊದಲಿಂದ ಓದಿದೆವು. ಯಾರೂ ಓದದ ಆ ಉದ್ದದ ಬರಹವನ್ನು ನಾನು ಒಂದೊಂದು ಸಾಲಾಗಿ ಓದಿ ಹೇಳಿದೆ. ನಿಮ್ಮ ಖಾಸಗಿತನವನ್ನು ನಾವು ಬಹಳ ಗೌರವಿಸುತ್ತೇವೆ ಎಂದು ಶುರುವಾಗಿತ್ತು. "ಗೌರವ ಬೇರೆ!" ಎಂದರು ಅತ್ತೆ ಒಳಗಿನಿಂದ. ಮಧ್ಯದಲ್ಲೊಂದು ಕಡೆ, ನೀವು ಹಂಚಿಕೊಳ್ಳುವ ಹೆಸರುಗಳ ಮಾಲೀಕರಿಂದ ನೀವು ಒಪ್ಪಿಗೆ ಪಡೆದಿದ್ದೀರೆಂದು ಮಾತು ಕೊಡುತ್ತೀರಿ ಎಂದಿತ್ತು.

ಮಾವ ನನ್ನ ಕೈ ಹಿಡಿದು ನಿಲ್ಲಿಸಿದರು. "ನಾನ್ಯಾವಾಗ ಮಾತು ಕೊಟ್ಟೆ?"

"ಆಗಲಿ ಅಂತ ಒತ್ತಿದಾಗ."

"ಬಾಷಾನ ಪರವಾಗಿ?"

"ಎಲ್ಲರ ಪರವಾಗಿ ಮಾವ."

ಮಾವ ಪಂಚೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕುಳಿತರು. ಹೆಸರನ್ನು ತೆಗೆಸಲು ಒಂದೇ ದಾರಿ ಇತ್ತು. ಆ ನಂಬರು ಯಾರದೋ ಅವರೇ ಕೋರಬೇಕು; ಅವರ ಫೋನಿಗೇ ಓಟಿಪಿ ಬರುತ್ತದೆ. ಅಂದರೆ ನಾವು ಬಾಷಾ ಸಾಬ್ರ ಎದುರಿಗೆ ಹೋಗಿ ನಿಲ್ಲಲೇಬೇಕು.

ಮರುದಿನ ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ?" ಎಂದಾಗ ಮಾವ, "ಎರಡು ತರೀಕೆರೆ" ಎಂದು ಬಾಯಿಬಿಟ್ಟು ಹೇಳಿದರು. ಕಂಡಕ್ಟರು ಗಾಬರಿಯಿಂದ ನನ್ನ ಮುಖ ನೋಡಿದ, ಯಾರಿಗೋ ಏನೋ ಆಗಿರಬೇಕು ಎಂಬಂತೆ.

ಬಾಷಾ ಸಾಬ್ರು ಅಂಗಡಿಯಲ್ಲಿರಲಿಲ್ಲ, ಮನೆಯಲ್ಲೂ ಇರಲಿಲ್ಲ. ತರೀಕೆರೆ ಬಸ್ ಸ್ಟಾಂಡಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಈಗೀಗ ದಿನಾ ಅಲ್ಲೇ ಕೂರುತ್ತಾರೆಂದು ಟೀ ಅಂಗಡಿಯವನು ಹೇಳಿದ. ಅಂಗಡಿಗೆ ಹೋಗುವ ಹಾಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮಾವನನ್ನು ಕಂಡು ಮುಖವನ್ನು ಬಸ್ಸುಗಳ ಕಡೆಗೆ ತಿರುಗಿಸಿದರು.

ಮಾವ ಪಕ್ಕದಲ್ಲಿ ಕೂತರು. ಟೀ ಬಂತು. ಇಬ್ಬರೂ ಮುಟ್ಟಲಿಲ್ಲ.

"ತಪ್ಪಾಯ್ತು ಕಣೋ" ಎಂದರು ಮಾವ.

"ಹ್ಞಾಂ?"

"ತಪ್ಪಾಯ್ತು ಕಣೋ!"

"ಎರಡು ಸಲ ಹೇಳ್ತಿದೀಯಾ?" ಎಂದರು ಬಾಷಾ ಸಾಬ್ರು. "ಹೇಳು ಹೇಳು. ಈಗ ಎಲ್ಲರೂ ಎರಡು ಸಲಾನೇ ಹೇಳೋದು. ತರಕಾರಿ ಮಾರೋಳೂ ಎರಡು ಸಲ ಹೇಳ್ತಾಳೆ."

ನಾನು ಮುಂದೆ ಬಂದು, ಫೋನು ಕೊಟ್ಟರೆ ಹೆಸರನ್ನು ತೆಗೆಸುತ್ತೇನೆಂದು ಗಟ್ಟಿಯಾಗಿ ಹೇಳಿದೆ. ಅವರು ಕೊಡಲಿಲ್ಲ. "ತೆಗ್ದು ಏನ್ ಮಾಡ್ತೀಯ ಬೇಟಿ? ಓದೋರು ಓದಾಯ್ತಲ್ಲ" ಎಂದರು. ಆಮೇಲೆ ಮಾವನ ಕಡೆ ತಿರುಗಿ, "ನಿನಗೆ ಗೊತ್ತಿತ್ತಲ್ಲೋ ಮೇಸ್ತ್ರಿ? ಇಪ್ಪತ್ತೆರಡು ಗೇಜ್ ತಂತಿ ಕೇಳಿದ್ರೆ ನಾನು ಇಪ್ಪತ್ನಾಲ್ಕು ಕಳಿಸ್ತಿದ್ದೆ. ನೀನು ಬಾಯ್ಬಿಡ್ದೆ ಇಟ್ಕೊಂಡೆ. ನನಗೂ ಅದು ಗೊತ್ತಾಗಿತ್ತು. ನೀನೊಬ್ಬ ಗುಟ್ಟು ಬಿಡಲ್ಲ ಅಂತ ನಾನು ನೆಮ್ಮದಿಯಾಗಿದ್ದೆ" ಎಂದರು.

ಅಜ್ಜಂಪುರದ ಬಸ್ಸು ನಿಂತಿತ್ತು. ಏಜೆಂಟು ಊರುಗಳ ಹೆಸರು ಕೂಗುತ್ತಿದ್ದ. ಹೂ ಮಾರುವ ಹೆಂಗಸು ಬುಟ್ಟಿ ಇಟ್ಟುಕೊಂಡು ನಮ್ಮ ಎದುರೇ ಕೂತಿದ್ದಳು. ತೆಂಗಿನಕಾಯಿ ಚೀಲಗಳ ಮೇಲೆ ಕುಳಿತ ರೈತರು, ಕಾಲೇಜಿನ ಹುಡುಗಿಯರು, ಎಲ್ಲ ಸೇರಿ ಒಂದು ಮದುವೆಗಾಗುವಷ್ಟು ಜನ.

ಮಾವ ಇದ್ದಕ್ಕಿದ್ದಂತೆ ಎದ್ದು ನಿಂತರು.

"ನನ್ ಕೈ ನಡುಗುತ್ತೆ ಕಣೋ" ಎಂದರು.

"ಏನಂದೆ?"

"ನನ್ ಕೈ ನಡುಗುತ್ತೆ! ತಂತಿ ಹಿಡಿಯಕ್ಕಾಗಲ್ಲ! ಹೋದ ಬೇಸಿಗೆಯಿಂದ ಕಾಯಿಲ್ ಸುತ್ತೋದು ನಾನಲ್ಲ, ನಮ್ಮನೆಯವಳು! ಒಳಗೆ ಬಾಗಿಲು ಹಾಕ್ಕೊಂಡು ಅವಳು ಸುತ್ತುತಾಳೆ, ಹೊರಗೆ ತಂದು ನಾನು ಕೊಡ್ತೀನಿ!"

ಏಜೆಂಟಿನ ಕೂಗು ಅರ್ಧಕ್ಕೆ ನಿಂತಿತು. ಸ್ವಂತ ಅಕ್ಕನಿಗೆ ಗೊತ್ತಿಲ್ಲ, ನನಗೆ ಗೊತ್ತಿಲ್ಲ. ಮೋಟಾರು ತಂದುಕೊಡುವ ಒಬ್ಬ ಗಿರಾಕಿಗೂ ಗೊತ್ತಿಲ್ಲ. ಇದು ಹೊರಬಿದ್ದರೆ ಅಂಗಡಿಯ ಗತಿಯೇನು? ಅವರ ಬಲಗೈ ಆಗಲೂ ಅಂಗಿಯ ಜೇಬಿನ ಹತ್ತಿರ ಸಣ್ಣಗೆ ಕಂಪಿಸುತ್ತಿತ್ತು. ಅದನ್ನು ಅವರು ಮುಚ್ಚಿಕೊಳ್ಳಲಿಲ್ಲ.

ಬಾಷಾ ಸಾಬ್ರು ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು" ಎಂದರು.

ಮಾವ ಉಸಿರೆಳೆದುಕೊಂಡು ಇನ್ನೂ ಜೋರಾಗಿ, ಒಂದಕ್ಷರವನ್ನೂ ಬಿಡದೆ, ಮೊದಲಿಂದ ಹೇಳಿದರು. ಕೊನೆಯವರೆಗೆ ಹೇಳಿ ಮುಗಿಸಿ ಕೂತುಬಿಟ್ಟರು.

ಬಸ್ ಸ್ಟಾಂಡು ಸದ್ದಿಲ್ಲದೆ ನಿಂತಿತ್ತು. ಬಾಷಾ ಸಾಬ್ರು ಸುತ್ತಲೂ ಒಂದು ಸಲ ನೋಡಿದರು. ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಏನಂದ ಇವನು? ನಿಮಗ್ಯಾರಿಗಾದ್ರೂ ಏನಾದ್ರೂ ಕೇಳಿಸ್ತಾ?"

ಹೂ ಮಾರುವ ಹೆಂಗಸು ಬುಟ್ಟಿಯಿಂದ ತಲೆ ಎತ್ತದೆ, "ಎಲ್ಲಿ ಕೇಳಿಸ್ತದೆ ಸಾಬ್ರೇ, ಆ ಬಸ್ಸಿನ ಸದ್ದಲ್ಲಿ" ಎಂದಳು.

ಆ ಬಸ್ಸಿನ ಡ್ರೈವರು ನಮ್ಮ ಪಕ್ಕದ ಬೆಂಚಿನಲ್ಲೇ ಕೂತು ಬೋಂಡಾ ತಿನ್ನುತ್ತಿದ್ದ. "ಭಾರಿ ಸದ್ದು ಬಿಡಿ ನಮ್ ಗಾಡಿದು" ಎಂದ.

ಚೀಲದ ಮೇಲಿದ್ದ ರೈತರು ಚೀಲದ ಹೊಲಿಗೆ ನೋಡತೊಡಗಿದರು. ಏಜೆಂಟು ಬಿಟ್ಟಲ್ಲಿಂದ ಊರುಗಳ ಹೆಸರನ್ನು ಮುಂದುವರಿಸಿದ. ಬಸ್ಸಿನ ಇಂಜಿನ್ ಬಂದ್ ಆಗಿತ್ತು. ಅದನ್ನು ನಾನು ಖಚಿತವಾಗಿ ಹೇಳಬಲ್ಲೆ.

ಬಾಷಾ ಸಾಬ್ರು ಜೇಬಿನಿಂದ ಫೋನು ತೆಗೆದು, ನನ್ನ ಕಡೆ ನೋಡದೆಯೇ ನನ್ನ ಕೈಗಿಟ್ಟರು. ಆಮೇಲೆ ಮಾವನ ಮುಂದಿದ್ದ ತುಂಬಿದ ಟೀ ಲೋಟವನ್ನು ಎತ್ತಿ, ಅರ್ಧವನ್ನು ತಮ್ಮ ಲೋಟಕ್ಕೆ ಬಗ್ಗಿಸಿಕೊಂಡು, ಉಳಿದರ್ಧವನ್ನು ಅವರ ಕೈಗೆ ಕೊಟ್ಟರು. ಟೀ ಅಂಗಡಿಯವನಿಗೆ, "ಇನ್ಮೇಲೆ ಇವನಿಗೆ ಅರ್ಧ ಲೋಟಾನೇ ಕೊಡು ಕಣೋ. ಜಾಸ್ತಿ ಕುಡಿದ್ರೆ ಪಿತ್ತ ಇವನಿಗೆ" ಎಂದರು.

ಮಾವ ಆ ಅರ್ಧ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿಯೂ ಚೆಲ್ಲದೆ ಕುಡಿದರು.